ಹೊಂಗೆ ಎಣ್ಣೆ, ಕರಿದೆಣ್ಣೆಯಿಂದ ಬಯೋಡೀಸೆಲ್: ಸಂಘ ಕಟ್ಟುವ ಮೊದಲು ಲೆಕ್ಕ ಹಾಕಿ

ಪ್ರಶ್ನೆ: ನಾವು ಅರಸೀಕೆರೆ ತಾಲೂಕಿನ 22 ಮನೆಯ ರೈತರು. ಬದುಗಳ ಮೇಲೆ ಹೊಂಗೆ ಮರಗಳು ಚೆನ್ನಾಗಿವೆ. ಹೆದ್ದಾರಿ ಪಕ್ಕದ ಆರು ಹೋಟೆಲಿನವರು ಕರಿದುಳಿದ ಎಣ್ಣೆ ಕೊಡಲು ಒಪ್ಪಿದ್ದಾರೆ. ಸಹಕಾರ ಸಂಘ ಮಾಡಿಕೊಂಡು ನಮ್ಮ ಟ್ರ್ಯಾಕ್ಟರ್, ಟಿಲ್ಲರ್‌ಗಳಿಗೆ ನಾವೇ ಬಯೋಡೀಸೆಲ್ ತಯಾರಿಸಬೇಕೆಂದಿದ್ದೇವೆ. ಏನೇನು ಸಲಕರಣೆ ಬೇಕು, ಲೀಟರಿಗೆ ಎಷ್ಟು ಬೀಳುತ್ತದೆ, ಉಳಿದದ್ದನ್ನು ಮಾರಬಹುದೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇವೆ. ಮಾರುವ ಯೋಚನೆ ಸದ್ಯಕ್ಕೆ ಬೇಡ. ವಾಹನಗಳ ಡೀಸೆಲ್‌ಗೆ ಬೆರೆಸಲು ಬಯೋಡೀಸೆಲ್ ಮಾರುವುದಕ್ಕೆ ಕೇಂದ್ರ ಪೆಟ್ರೋಲಿಯಂ ಸಚಿವಾಲಯ 2019ರ ಏಪ್ರಿಲ್‌ನಲ್ಲಿ ಮಾರ್ಗಸೂಚಿ ಹೊರಡಿಸಿದೆ. ಅದರಂತೆ ನೋಂದಣಿ ಬೇಕು, ಮಾಲು ಐಎಸ್ 15607 ಮಾನಕಕ್ಕೆ ಹೊಂದಬೇಕು. ಆ ಮಾನಕದ ಪರೀಕ್ಷೆಗಳನ್ನು ಡ್ರಮ್ಮಿನಲ್ಲಿ ಕಾಯಿಸುವ ಸಂಘ ಪ್ರತಿ ಸಲ ಮಾಡಿಸಿಕೊಂಡು ಬದುಕಲಾರದು. ಸದಸ್ಯರು ತಮ್ಮ ಯಂತ್ರಗಳಿಗೆ ತಾವೇ ಮಾಡಿಕೊಳ್ಳುವ ಇಂಧನ ಎಂಬಷ್ಟಕ್ಕೇ ಉಪವಿಧಿಯನ್ನು ಬಿಗಿಯಾಗಿ ಬರೆದುಕೊಳ್ಳಿ.

ಇನ್ನು ನಿಮಗೆ ಎಷ್ಟು ಬೇಕು ಎಂಬ ಲೆಕ್ಕ. ಬಹಳಷ್ಟು ಗುಂಪುಗಳು ಇದನ್ನು ಮಾಡದೆಯೇ ದೊಡ್ಡ ಯಂತ್ರದ ಕೊಟೇಶನ್ ತರಿಸಿಬಿಡುತ್ತವೆ. ನಮ್ಮಲ್ಲಿ 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಉಚಿತ, ಹಾಗಾಗಿ ಡೀಸೆಲ್ ಕುಡಿಯುವುದು ಮುಖ್ಯವಾಗಿ ಟ್ರ್ಯಾಕ್ಟರ್ ಮತ್ತು ಟಿಲ್ಲರ್. ನಿಮ್ಮಲ್ಲಿ 4 ಟ್ರ್ಯಾಕ್ಟರ್ ಇವೆ, ಒಂದೊಂದು ವರ್ಷಕ್ಕೆ 250 ಗಂಟೆ ಓಡುತ್ತದೆ, ಗಂಟೆಗೆ 4 ಲೀಟರ್ ಎಂದುಕೊಳ್ಳಿ: 4,000 ಲೀಟರ್. 6 ಟಿಲ್ಲರ್, 200 ಗಂಟೆ, ಗಂಟೆಗೆ 1.2 ಲೀಟರ್: 1,440. ಒಟ್ಟು ಸುಮಾರು 5,400 ಲೀಟರ್. ಶುರುವಿನಲ್ಲಿ ಡೀಸೆಲ್‌ಗೆ ಶೇ 20ಕ್ಕಿಂತ ಹೆಚ್ಚು ಬೆರೆಸಬಾರದು. ಅಂದರೆ ವರ್ಷಕ್ಕೆ ಬೇಕಾದದ್ದು 1,080 ಲೀಟರ್. 100 ಲೀಟರ್ ಎಣ್ಣೆ ಹಾಕಿದರೆ ತೊಳೆದು ಒಣಗಿಸಿದ ಮೇಲೆ 90-92 ಲೀಟರ್ ಸಿಗುತ್ತದೆ. ತಿಂಗಳಿಗೆ ಒಂದು ಬ್ಯಾಚ್ ಮಾಡಿದರೆ ಮುಗಿಯಿತು! ಆರು ಹೋಟೆಲಿನಿಂದ ವಾರಕ್ಕೆ ತಲಾ 5 ಲೀಟರ್ ಬಂದರೂ ವರ್ಷಕ್ಕೆ 1,500 ಲೀಟರ್ ಆಗುತ್ತದೆ. ಮೊದಲ ವರ್ಷಕ್ಕೆ ಕರಿದೆಣ್ಣೆಯೊಂದೇ ಸಾಕು.

ಹಾಗಾದರೆ ಹೊಂಗೆ? ಅದನ್ನು ಡೀಸೆಲ್ ಮಾಡುವ ಅವಸರ ಬೇಡ. ಕಾರಣ ದುಡ್ಡಿನಲ್ಲಿದೆ. ಎಕ್ಸ್‌ಪೆಲ್ಲರ್ ಗಾಣದಲ್ಲಿ 4 ಕಿಲೋ ಬೀಜಕ್ಕೆ 1 ಕಿಲೋ ಎಣ್ಣೆ ಬರುತ್ತದೆ. 100 ಲೀಟರ್ ಅಂದರೆ 92 ಕಿಲೋ ಎಣ್ಣೆ, ಅದಕ್ಕೆ ಬೀಜ 368 ಕಿಲೋ, ಉಳಿಯುವ ಹಿಂಡಿ 260 ಕಿಲೋ ಆಸುಪಾಸು. ಬೀಜ ಕಿಲೋಗೆ 35 ರೂ., ಹಿಂಡಿ 22 ರೂ., ಗಾಣದ ಕೂಲಿ 4 ರೂ. ಎಂದಿಟ್ಟು ಲೆಕ್ಕ ಮಾಡಿದರೆ, ಹಿಂಡಿ ಮಾರಿದ ದುಡ್ಡು ಕಳೆದ ಮೇಲೂ ಎಣ್ಣೆಯೇ ಲೀಟರಿಗೆ 86 ರೂ. ಆಗುತ್ತದೆ. ಮೆಥನಾಲ್ (ಎಣ್ಣೆಯ ಜೊತೆ ಕೂಡಿ ಅದನ್ನು ಬಯೋಡೀಸೆಲ್ ಆಗಿಸುವ ವಿಷಕಾರಿ ಮದ್ಯಸಾರ), ಆಮ್ಲ, ಕೂಲಿ ಸೇರಿದರೆ ಬಯೋಡೀಸೆಲ್ 125 ರೂ. ದಾಟುತ್ತದೆ. ಅದೇ ಬೀಜ 20 ರೂ.ಗೆ ಸಿಕ್ಕರೆ 70 ರೂ.ಗಿಂತ ಕೆಳಗೆ ನಿಲ್ಲುತ್ತದೆ. ಬೀಜದ ದರ ಒಂದು ರೂಪಾಯಿ ಏರಿದರೆ ಬಯೋಡೀಸೆಲ್ ನಾಲ್ಕು ರೂಪಾಯಿ ಏರುತ್ತದೆ ಎಂಬುದನ್ನು ನೆನಪಿಟ್ಟುಕೊಂಡು ನಿಮ್ಮ ಊರಿನ ದರ ಹಾಕಿ ನೋಡಿ. "ಬೀಜ ನಮ್ಮ ಮರದ್ದೇ ಅಲ್ಲವೇ" ಎಂದು ಆ ಸಾಲಿನಲ್ಲಿ ಸೊನ್ನೆ ಬರೆಯಬೇಡಿ. ಆಯುವ, ಒಣಗಿಸುವ, ಸುಲಿಯುವ ಕೆಲಸ ಮನೆಯ ಹೆಂಗಸರ ಮೇಲೆ ಬೀಳುತ್ತದೆ. ಸೊನ್ನೆ ಬರೆದ ಸಂಘಕ್ಕೆ ಎರಡನೇ ವರ್ಷ ಬೀಜ ಬರುವುದಿಲ್ಲ.

ಕರಿದೆಣ್ಣೆಯ ಲೆಕ್ಕ ಇಷ್ಟು ಹಗ್ಗಜಗ್ಗಾಟದ್ದಲ್ಲ. ಎಣ್ಣೆ ಲೀಟರಿಗೆ 50 ರೂ. ಆದರೆ 5,000, ಮೆಥನಾಲ್ 22 ಲೀಟರ್, 50 ರೂ.ನಂತೆ 1,100, ಕಾಸ್ಟಿಕ್ ಪೊಟ್ಯಾಷ್ (ಎಣ್ಣೆ-ಮೆಥನಾಲ್ ಬೇಗ ಕೂಡುವಂತೆ ಮಾಡುವ ಕ್ಷಾರ) ಒಂದು ಕಿಲೋ, ವಿದ್ಯುತ್ತು, ಕೂಲಿ, ಫಿಲ್ಟರು ಎಲ್ಲ ಸೇರಿ 1,000. ಒಟ್ಟು 7,100 ರೂ.ಗೆ 92 ಲೀಟರ್, ಅಂದರೆ ಲೀಟರಿಗೆ 77 ರೂ. ಡೀಸೆಲ್‌ಗಿಂತ ಲೀಟರಿಗೆ ಶೇ 8-9ರಷ್ಟು ಶಕ್ತಿ ಕಡಿಮೆ ಎಂಬುದನ್ನೂ ಇದರಲ್ಲಿ ಹಿಡಿಯಬೇಕು. ದೊಡ್ಡ ಲಾಭವಿಲ್ಲ, ನಷ್ಟವೂ ಇಲ್ಲ.

ಹೋಟೆಲ್ ಎಣ್ಣೆಗೂ ಕಾನೂನಿದೆ. ಒಟ್ಟು ಧ್ರುವೀಯ ಸಂಯುಕ್ತಗಳು (ಮತ್ತೆ ಮತ್ತೆ ಕಾಯಿಸಿದಾಗ ಎಣ್ಣೆಯಲ್ಲಿ ಹುಟ್ಟುವ ಕೆಟ್ಟ ಅಂಶ) ಶೇ 25 ದಾಟಿದ ಎಣ್ಣೆಯನ್ನು ಅಡುಗೆಗೆ ಬಳಸುವಂತಿಲ್ಲ ಎಂದು ಆಹಾರ ಸುರಕ್ಷತಾ ಪ್ರಾಧಿಕಾರ 2018ರಿಂದ ನಿಯಮ ಮಾಡಿದೆ. ದಿನಕ್ಕೆ 50 ಲೀಟರಿಗಿಂತ ಹೆಚ್ಚು ಎಣ್ಣೆ ಕರಿಯಲು ಬಳಸುವವರು ದಾಖಲೆ ಇಡಬೇಕು. ಉಳಿದ ಎಣ್ಣೆ ಹೋಗಬೇಕಾದದ್ದು ಪ್ರಾಧಿಕಾರ ಒಪ್ಪಿದ ಸಂಗ್ರಾಹಕರಿಗೆ. ಹಾಗಾಗಿ ಸಂಘ ನೋಂದಣಿಯಾದ ಕೂಡಲೇ ಜಿಲ್ಲೆಯ ಆಹಾರ ಸುರಕ್ಷತಾ ಅಧಿಕಾರಿಯನ್ನು ಕಂಡು ಸಂಗ್ರಾಹಕರಾಗಿ ಹೆಸರು ಹಚ್ಚಿಸಿಕೊಳ್ಳಿ. ಆಮೇಲೆ ಎಣ್ಣೆ ಎತ್ತಿ.

ಹೊಂಗೆಯಲ್ಲಿ ಮೊದಲ ವರ್ಷ ಮಾಡಬೇಕಾದದ್ದು ಬೀಜದ ದರ್ಜೆ ಕಟ್ಟುವುದು. ಹಾಲಿನ ಡೇರಿಯಲ್ಲಿ ಫ್ಯಾಟ್ ನೋಡಿ ದುಡ್ಡು ಕೊಡುವ ಹಾಗೆ ಇಲ್ಲಿ ಎಣ್ಣೆಯ ಹುಳಿ ನೋಡಿ ದುಡ್ಡು ಕೊಡಬೇಕು. ಬಿಸಿಲಿಗೆ ಚೆನ್ನಾಗಿ ಒಣಗಿಸಿ ಗೋಣಿಚೀಲದಲ್ಲಿ ಗಾಳಿಯಾಡುವ ಕಡೆ ಇಟ್ಟ ಬೀಜದ ಎಣ್ಣೆಯಲ್ಲಿ ಈ ಹುಳಿ, ಅಂದರೆ ಬಿಡಿ ಕೊಬ್ಬಿನಾಮ್ಲ, ಶೇ 2-3ರೊಳಗೆ ಇರುತ್ತದೆ. ಮಳೆಗೆ ನೆಂದ, ಪ್ಲಾಸ್ಟಿಕ್ ಚೀಲದಲ್ಲಿ ಬೆವೆತ ಬೀಜದ್ದು ಶೇ 10, ಕೆಲವೊಮ್ಮೆ ಶೇ 20ಕ್ಕೂ ಹೋಗುತ್ತದೆ. ಇಬ್ಬರ ಬೀಜವೂ ಒಂದೇ ರಾಶಿಗೆ ಬಿದ್ದರೆ ಒಳ್ಳೆಯದೂ ಕೆಟ್ಟಂತೆ. ಪ್ರತಿ ಸದಸ್ಯನ ಮಾಲನ್ನು ಬೇರೆ ಪರೀಕ್ಷಿಸಿ, ಮೂರು ದರ್ಜೆಗೆ ಮೂರು ದರ ಕೊಡಿ. ಕೆಟ್ಟದ್ದನ್ನು ವಾಪಸ್ ಕಳಿಸುವ ಧೈರ್ಯ ಕಾರ್ಯದರ್ಶಿಗೆ ಇರಬೇಕು. ಅದು ತನ್ನ ಸಂಬಂಧಿಕರದ್ದೇ ಆದರೂ.

ಆ ಪರೀಕ್ಷೆ ಹೀಗೆ. 1 ಗ್ರಾಂ ಕಾಸ್ಟಿಕ್ ಪೊಟ್ಯಾಷನ್ನು 1 ಲೀಟರ್ ಡಿಸ್ಟಿಲ್ಡ್ ನೀರಿನಲ್ಲಿ ಕರಗಿಸಿ ಮುಚ್ಚಿಡಿ. ಗಾಜಿನ ಲೋಟದಲ್ಲಿ 10 ಮಿ.ಲೀ. ಐಸೊಪ್ರೊಪೈಲ್ ಆಲ್ಕೋಹಾಲ್, ಎರಡು ಹನಿ ಫಿನಾಲ್ಫ್‌ಥಲೀನ್ (ಹುಳಿ ಮುಗಿದಾಗ ಗುಲಾಬಿಗೆ ತಿರುಗುವ ಸೂಚಕ ದ್ರಾವಣ). ಮೊದಲು ಅದೊಂದನ್ನೇ ಗುಲಾಬಿ ಬರುವವರೆಗೆ ಪೊಟ್ಯಾಷ್ ಹನಿಸಿ ಸರಿಮಾಡಿಕೊಳ್ಳಿ, ಇಲ್ಲದಿದ್ದರೆ ಆಲ್ಕೋಹಾಲಿನ ಹುಳಿಯೂ ಎಣ್ಣೆಯ ಲೆಕ್ಕಕ್ಕೆ ಸೇರುತ್ತದೆ. ಈಗ ಸಿರಿಂಜಿನಲ್ಲಿ ಸರಿಯಾಗಿ 1 ಮಿ.ಲೀ. ಎಣ್ಣೆ ಹಾಕಿ, ಬಣ್ಣ ಹೋಗುತ್ತದೆ. ಪೊಟ್ಯಾಷ್ ನೀರನ್ನು ಹನಿಹನಿಯಾಗಿ ಬಿಡುತ್ತ ಕಲಕಿ. ಗುಲಾಬಿ ಬಂದು ಅರ್ಧ ನಿಮಿಷ ನಿಂತರೆ, ಎಷ್ಟು ಮಿ.ಲೀ. ಖರ್ಚಾಯಿತೆಂದು ಬರೆದುಕೊಳ್ಳಿ. ಒಂದೊಂದು ಮಿ.ಲೀ.ಗೂ ಹೆಚ್ಚುಕಡಿಮೆ ಅರ್ಧ ಪರ್ಸೆಂಟ್ ಕೊಬ್ಬಿನಾಮ್ಲ. ಫಿನಾಲ್ಫ್‌ಥಲೀನ್ ಸಿಗದಿದ್ದರೆ ಕರಿದೆಣ್ಣೆಗೆ ಅಡುಗೆಮನೆಯ ಅರಿಶಿನವೂ ನಡೆಯುತ್ತದೆ, ಹಳದಿ ಹೋಗಿ ಕೆಂಪಾಗುತ್ತದೆ. ಹೊಂಗೆ ಎಣ್ಣೆಯೇ ಕೆಂಗಂದು ಇರುವುದರಿಂದ ಅದರಲ್ಲಿ ಅರಿಶಿನದ ಬಣ್ಣ ಕಾಣದು.

5 ಮಿ.ಲೀ.ವರೆಗೆ ಬಂದರೆ ನೇರವಾಗಿ ಮಾಡಬಹುದು. ಪೊಟ್ಯಾಷ್ ಪ್ರಮಾಣ: ಲೀಟರ್ ಎಣ್ಣೆಗೆ 7 ಗ್ರಾಂ, ಅದಕ್ಕೆ ಪರೀಕ್ಷೆಯ ಅಂಕಿ ಕೂಡಿಸಿ. 2.5 ಬಂದಿದ್ದರೆ 9.5 ಗ್ರಾಂ, 100 ಲೀಟರಿಗೆ 950 ಗ್ರಾಂ. ಶೇ 85-90 ಶುದ್ಧತೆಯ ಮಾಲಿಗೆ ಈ ಲೆಕ್ಕ. ಕಾಸ್ಟಿಕ್ ಸೋಡಾ ಅಗ್ಗವೇನೋ ಹೌದು, ಆದರೆ ಅದರಿಂದ ಬರುವ ಗ್ಲಿಸರಿನ್ ಚಳಿಗೆ ಗಟ್ಟಿಯಾಗಿ ಪೈಪು ಕಟ್ಟಿಕೊಳ್ಳುತ್ತದೆ.

5 ಮಿ.ಲೀ. ದಾಟಿದ ಎಣ್ಣೆಗೆ ಮೊದಲು ಆಮ್ಲದ ಹಂತ. ಎಣ್ಣೆಯಲ್ಲಿರುವ ಪ್ರತಿ ಕಿಲೋ ಕೊಬ್ಬಿನಾಮ್ಲಕ್ಕೆ 2.25 ಕಿಲೋ ಮೆಥನಾಲ್, 50 ಗ್ರಾಂ ಗಂಧಕಾಮ್ಲ. ಪರೀಕ್ಷೆಯಲ್ಲಿ 12 ಬಂದ 100 ಲೀಟರ್ ಹೊಂಗೆ ಎಣ್ಣೆಯಲ್ಲಿ ಸುಮಾರು ಶೇ 6, ಅಂದರೆ 5.5 ಕಿಲೋ ಕೊಬ್ಬಿನಾಮ್ಲ ಇರುತ್ತದೆ. ಅದಕ್ಕೆ ಮೆಥನಾಲ್ 15-16 ಲೀಟರ್, ಆಮ್ಲ 150 ಮಿ.ಲೀ. ಆಮ್ಲವನ್ನು ಮೆಥನಾಲ್‌ಗೆ ನಿಧಾನವಾಗಿ ಸೇರಿಸಿ, 60 ಡಿಗ್ರಿಯಲ್ಲಿ ಒಂದೆರಡು ಗಂಟೆ ತಿರುಗಿಸಿ, ರಾತ್ರಿ ಬಿಡಿ. ಮೇಲೆ ನಿಲ್ಲುವ ಮೆಥನಾಲ್-ನೀರಿನ ಪದರವನ್ನು ತೆಗೆದು ಮತ್ತೆ ಪರೀಕ್ಷಿಸಿ. ಹೊಂಗೆ ದುಬಾರಿಯಾಗುವುದು ಇಲ್ಲೇ: ಕೆಟ್ಟ ಬೀಜ ತಂದವನ ಮೆಥನಾಲ್ ಖರ್ಚನ್ನು ಉಳಿದ 21 ಮನೆಯವರು ಹೊರುತ್ತಾರೆ.

ಸಲಕರಣೆ ವಿಚಾರ. 200 ಲೀಟರಿನ ಉಕ್ಕಿನ ಪಾತ್ರೆ ಸಾಕು, ತಳ ಆಲಿಕೆಯಂತೆ ಇಳಿಜಾರಾಗಿರಬೇಕು, ತಳದ ತುದಿಯಲ್ಲೇ ವಾಲ್ವ್. ಮೇಲೆ ಗಾಳಿಯಾಡದ ಮುಚ್ಚಳ, ಅದರಿಂದ ಒಂದು ಕೊಳವೆ ತಣ್ಣೀರಿನ ಸುರುಳಿ ಹಾದು ಮಾಡಿನ ಹೊರಗೆ. ತಳದಿಂದ ಎಳೆದು ಮೇಲಕ್ಕೆ ಬಿಡುವ ಒಂದು ಎಚ್‌ಪಿ ಪಂಪು, ಮೋಟರು ಫ್ಲೇಮ್‌ಪ್ರೂಫ್ (ಒಳಗಿನ ಕಿಡಿ ಹೊರಗಿನ ಆವಿಗೆ ತಗುಲದಂಥದ್ದು) ಆಗಿರಲೇಬೇಕು. ಎಣ್ಣೆ ಬಿಸಿಮಾಡಲು ಎರಡು ಕಿಲೋವ್ಯಾಟ್ ಹೀಟರು. ಪೊಟ್ಯಾಷ್ ಕರಗಿಸಲು ಬಿಗಿ ಮುಚ್ಚಳದ 30 ಲೀಟರ್ ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಕ್ಯಾನು. ತೊಳೆಯಲು ಇನ್ನೊಂದು ಪಾತ್ರೆ. ಅಲ್ಯೂಮಿನಿಯಂ, ಹಿತ್ತಾಳೆ, ತಾಮ್ರ, ಸತು ಲೇಪಿಸಿದ ಜಿಐ ಪೈಪು ಎಲ್ಲೂ ಬೇಡ. ಅಲ್ಯೂಮಿನಿಯಂ ಮತ್ತು ಸತುವನ್ನು ಪೊಟ್ಯಾಷ್ ತಿನ್ನುತ್ತದೆ, ತಾಮ್ರ ತಗುಲಿದ ಬಯೋಡೀಸೆಲ್ ಬೇಗ ಕೆಡುತ್ತದೆ. ಮಾಮೂಲಿ ರಬ್ಬರ್ ವಾಷರು ಉಬ್ಬಿ ಸೋರುತ್ತದೆ, ಟೆಫ್ಲಾನ್ ಹಾಕಿಸಿ.

ಮಾಡುವ ಕ್ರಮ. ಎಣ್ಣೆಯನ್ನು ಬಟ್ಟೆಯಲ್ಲಿ ಸೋಸಿ, 60 ಡಿಗ್ರಿಗೆ ಕಾಯಿಸಿ ಒಂದು ರಾತ್ರಿ ಬಿಟ್ಟು ತಳದ ನೀರು ಇಳಿಸಿ. ಕಾದ ಬಾಣಲೆಗೆ ಒಂದು ಚಮಚ ಹಾಕಿದಾಗ ಚಟಪಟ ಎಂದರೆ ಇನ್ನೂ ನೀರಿದೆ. ಮೆಥನಾಲ್ ಡ್ರಮ್ಮು ಆ ಜಾಗಕ್ಕೆ ಬರುವ ಮುನ್ನವೇ ಎಣ್ಣೆಯನ್ನು 110 ಡಿಗ್ರಿಯವರೆಗೆ ಕಾಯಿಸಿ ನೀರು ಓಡಿಸಿ, 55ಕ್ಕೆ ಇಳಿಸಿಕೊಳ್ಳಿ. ಈ ಹೊತ್ತಿಗೆ 22 ಲೀಟರ್ ಮೆಥನಾಲ್‌ಗೆ ತೂಕದ ಪೊಟ್ಯಾಷ್ ಸ್ವಲ್ಪಸ್ವಲ್ಪವೇ ಹಾಕಿ, ಮುಚ್ಚಿ, ಅಲುಗಾಡಿಸುತ್ತಿರಿ. ಕ್ಯಾನು ಕೈಗೆ ಬಿಸಿ ತಾಗುತ್ತದೆ, ಒಮ್ಮೆಲೇ ಸುರಿದರೆ ಆವಿ ಚಿಮ್ಮುತ್ತದೆ. ತಳದಲ್ಲಿ ಒಂದು ಹರಳೂ ಉಳಿಯಬಾರದು. ಹೀಟರ್ ಆರಿಸಿ, ಪಂಪು ಓಡುತ್ತಿರುವಾಗ ಇದನ್ನು ಎಣ್ಣೆಗೆ ನಿಧಾನವಾಗಿ ಸೇರಿಸಿ. ಒಂದೂವರೆ ಗಂಟೆ ತಿರುಗಲಿ. ಮೆಥನಾಲ್ 64.7 ಡಿಗ್ರಿಗೆ ಕುದಿಯುವುದರಿಂದ 60 ದಾಟಲು ಬಿಡಬೇಡಿ. ಆಮೇಲೆ 12 ಗಂಟೆ ಅಲುಗಾಡಿಸದೆ ಬಿಟ್ಟರೆ ತಳದಲ್ಲಿ ಕಾಕಂಬಿ ಬಣ್ಣದ ಗ್ಲಿಸರಿನ್ 15-20 ಲೀಟರ್ ಕೂರುತ್ತದೆ.

ಗ್ಲಿಸರಿನ್ ಇಳಿಸಿದ ಕೂಡಲೇ ತೊಳೆಯಲು ಹೋಗಬೇಡಿ. ಮೊದಲು 3 ಮಿ.ಲೀ. ಮಾಲನ್ನು 27 ಮಿ.ಲೀ. ಮೆಥನಾಲ್‌ನಲ್ಲಿ ಹಾಕಿ ಕುಲುಕಿ, ಕೋಣೆಯ ತಂಪಿನಲ್ಲಿ ಹತ್ತು ನಿಮಿಷ ಬಿಡಿ. ತಿಳಿಯಾಗಿದ್ದರೆ ಸರಿ. ತಳದಲ್ಲಿ ಎಣ್ಣೆಯ ಹನಿ ಕೂತಿದ್ದರೆ ಎಣ್ಣೆ ಪೂರ್ತಿ ಬದಲಾಗಿಲ್ಲ, ಲೀಟರಿಗೆ 50 ಮಿ.ಲೀ. ಮೆಥನಾಲ್, ಒಂದೂವರೆ ಗ್ರಾಂ ಪೊಟ್ಯಾಷ್ ಹಾಕಿ ಮತ್ತೊಮ್ಮೆ ತಿರುಗಿಸಿ. ಅರೆಬರೆ ಮಾಲು ನೋಟಕ್ಕೆ ಒಳ್ಳೆಯದರಂತೆಯೇ ಇರುತ್ತದೆ, ಇಂಜೆಕ್ಟರ್ ಮೇಲೆ ಮಸಿ ಕಟ್ಟಿದಾಗಲೇ ಗೊತ್ತಾಗುವುದು.

ತೊಳೆಯುವಾಗ ಮೊದಲ ಸಲ 30 ಲೀಟರ್ ಉಗುರುಬೆಚ್ಚಗಿನ ನೀರನ್ನು ಸ್ಪ್ರೇ ನಳಿಕೆಯಿಂದ ಮಂಜಿನಂತೆ ಬೀಳಿಸಿ, ಕಲಕಬೇಡಿ. ಹಾಲಿನಂಥ ನೀರು ಇಳಿಸಿ, ಇನ್ನೆರಡು ಸಲ ತೊಳೆಯಿರಿ. ನಿಮ್ಮ ಕಡೆಯ ಬೋರ್‌ವೆಲ್ ನೀರು ಗಡಸಾಗಿದ್ದರೆ ಸಾಬೂನಿನ ಜೊತೆ ಸೇರಿ ಗಸಿ ಕಟ್ಟುತ್ತದೆ, ಮಳೆನೀರು ಹಿಡಿದಿಟ್ಟುಕೊಳ್ಳಿ. ನೀರು ಮತ್ತು ಬಯೋಡೀಸೆಲ್ ಸೇರಿ ಮೊಸರಿನಂತೆ ನಿಂತರೆ ಪೊಟ್ಯಾಷ್ ಹೆಚ್ಚಾಗಿದೆ ಅಥವಾ ಎಣ್ಣೆಯಲ್ಲಿ ನೀರಿತ್ತು ಎಂದರ್ಥ. ಬಿಸಿ ಉಪ್ಪುನೀರು ಹಾಕಿದರೆ ಸಾಮಾನ್ಯವಾಗಿ ಒಡೆಯುತ್ತದೆ. ಒಡೆಯದಿದ್ದರೆ ಆ ಬ್ಯಾಚಿನ ಆಸೆ ಬಿಡಿ. ಕೊನೆಗೆ 50-55 ಡಿಗ್ರಿಯಲ್ಲಿ ಗಾಳಿಗೆ ಚಿಮ್ಮಿಸಿ ಒಣಗಿಸಿ. ಗಾಜಿನ ಬಾಟಲಿಯ ಹಿಂದೆ ಪತ್ರಿಕೆ ಹಿಡಿದರೆ ಅಕ್ಷರ ಓದುವಷ್ಟು ತಿಳಿಯಾಗಬೇಕು.

ತೊಳೆದ ನೀರನ್ನು ಕೆರೆಗೋ ಹಳ್ಳಕ್ಕೋ ಬಿಡುವಂತಿಲ್ಲ, ಅದರಲ್ಲಿ ಸಾಬೂನು, ಪೊಟ್ಯಾಷ್, ಮೆಥನಾಲ್ ಇರುತ್ತದೆ. ಗ್ಲಿಸರಿನ್ ಅಂತೂ ದನಕ್ಕೆ ಸಿಗದಂತೆ ಮುಚ್ಚಿಡಿ. ಹಾಕಿದ 22 ಲೀಟರ್ ಮೆಥನಾಲ್‌ನಲ್ಲಿ ಎಣ್ಣೆಯ ಜೊತೆ ಕೂಡುವುದು 12-13 ಲೀಟರ್ ಮಾತ್ರ, ಉಳಿದದ್ದರಲ್ಲಿ ಹೆಚ್ಚಿನ ಪಾಲು ಗ್ಲಿಸರಿನ್‌ನಲ್ಲೇ ಇರುತ್ತದೆ. "ಸಾಬೂನು ಮಾಡಿ ಮಾರಿ" ಎಂಬ ಸಲಹೆಯನ್ನು ಕೇಳಿರುತ್ತೀರಿ. ಮೆಥನಾಲ್ ಬಟ್ಟಿ ಇಳಿಸಿ ತೆಗೆಯುವ ವ್ಯವಸ್ಥೆ ಬರುವವರೆಗೆ ಅದಕ್ಕೆ ಕಿವಿಗೊಡಬೇಡಿ.

ಮೆಥನಾಲ್ ಬಗ್ಗೆ ಸ್ವಲ್ಪ ಕಟುವಾಗಿಯೇ ಹೇಳಬೇಕು. 1981ರಲ್ಲಿ ಬೆಂಗಳೂರಿನಲ್ಲಿ, 2008ರ ಮೇ ತಿಂಗಳಲ್ಲಿ ಕರ್ನಾಟಕ-ತಮಿಳುನಾಡು ಗಡಿ ಸೀಮೆಯಲ್ಲಿ ಕಳ್ಳಭಟ್ಟಿ ಕುಡಿದು ನೂರಾರು ಜನ ಸತ್ತದ್ದು ಇದೇ ಮೆಥನಾಲ್‌ನಿಂದ. 10 ಮಿ.ಲೀ. ಹೊಟ್ಟೆಗೆ ಹೋದರೂ ಕಣ್ಣು ಹೋಗಬಹುದು. ವಾಸನೆಯಲ್ಲಿ ಸಾರಾಯಿಗೂ ಇದಕ್ಕೂ ವ್ಯತ್ಯಾಸ ತಿಳಿಯದು. ಡ್ರಮ್ಮಿಗೆ ಬೀಗ, ಎರಡು ಕೀಲಿ ಇಬ್ಬರ ಬಳಿ, ಪ್ರತಿ ಲೀಟರಿಗೂ ಪುಸ್ತಕದಲ್ಲಿ ಸಹಿ. ಸಣ್ಣ ಬಾಟಲಿಗೆ ಎಂದೂ ಬಗ್ಗಿಸಬಾರದು. ಇಟ್ಟುಕೊಳ್ಳುವ ಅನುಮತಿಯನ್ನು ಜಿಲ್ಲಾಡಳಿತದಿಂದ ಪಡೆದೇ ಕೊಳ್ಳಿ, ಕಾಗದವಿಲ್ಲದೆ ಕೊಡುತ್ತೇನೆ ಎನ್ನುವವನ ಬಳಿ ಬೇಡ. ಇದರ ಉರಿ ಹಗಲಿನಲ್ಲಿ ಕಣ್ಣಿಗೆ ಕಾಣುವುದಿಲ್ಲ. ಹಾಗಾಗಿ ಶೆಡ್ ಮನೆಯಿಂದಲೂ ಹುಲ್ಲಿನ ಮೆದೆಯಿಂದಲೂ ದೂರ ಇರಲಿ, ಎರಡು ಬದಿ ಗೋಡೆ ಬೇಡ. ಒಲೆ, ಬೀಡಿ, ಸಾದಾ ಸ್ವಿಚ್ಚು ಒಳಗಿರಕೂಡದು. ಕನ್ನಡಕ, ಉದ್ದ ಗ್ಲೌಸು, ಪೌಡರ್ ಅಗ್ನಿಶಾಮಕ, ಪಕ್ಕದಲ್ಲೇ ಧಾರಾಳ ನೀರಿನ ನಲ್ಲಿ.

ನೋಂದಣಿಗೆ ಕರ್ನಾಟಕ ಸೌಹಾರ್ದ ಸಹಕಾರಿ ಕಾಯ್ದೆ 1997ರಡಿ ಬೇರೆ ಬೇರೆ ಕುಟುಂಬದ ಹತ್ತು ಜನ ಸಾಕು, ನೀವು 22 ಮನೆಯವರಿದ್ದೀರಿ. 1959ರ ಸಹಕಾರ ಸಂಘಗಳ ಕಾಯ್ದೆಯಡಿ ಹೋಗುವುದಾದರೆ ಸಹಾಯಕ ನಿಬಂಧಕರ ಕಚೇರಿಯಲ್ಲಿ ಮಾದರಿ ಉಪವಿಧಿ ಕೇಳಿ. ಸಂಘದ ಉದ್ದೇಶವನ್ನು ಬರೀ ಬಯೋಡೀಸೆಲ್ ಎಂದು ಬರೆಸಬೇಡಿ. ಎಣ್ಣೆಬೀಜ ಸಂಗ್ರಹ, ಗಾಣ, ಹಿಂಡಿ ಮಾರಾಟ ಮೊದಲು ಬರಲಿ, ಇಂಧನ ಆಮೇಲೆ. ಹಿಂಡಿಗೆ ತೆಂಗು, ಅಡಿಕೆ ತೋಟದವರಿಂದ ಬೇಡಿಕೆ ಇದ್ದೇ ಇರುತ್ತದೆ, ಸಂಘವನ್ನು ನಡೆಸುವ ದುಡ್ಡು ಬರುವುದು ಅಲ್ಲಿಂದ. ಇಂಧನ ಕಡಿಮೆ ಬಿದ್ದ ತಿಂಗಳು ಯಾರಿಗೆ ಎಷ್ಟು ಎಂಬುದನ್ನು ಕೊಟ್ಟ ಬೀಜ ಮತ್ತು ಎಣ್ಣೆಯ ಪ್ರಮಾಣಕ್ಕೆ ಕಟ್ಟಿ, ಅಧ್ಯಕ್ಷರ ವಿವೇಚನೆಗೆ ಬಿಡಬೇಡಿ. ಯಂತ್ರ ಕೊಳ್ಳುವ ಮುನ್ನ ಹಾಸನದ ಮಡೆನೂರಿನಲ್ಲಿರುವ ಕೃಷಿ ವಿಶ್ವವಿದ್ಯಾಲಯದ ಜೈವಿಕ ಇಂಧನ ಉದ್ಯಾನಕ್ಕೆ ನಾಲ್ಕು ಜನ ಹೋಗಿ ಬನ್ನಿ, ನಿಮಗೆ ದೂರವೇನಲ್ಲ.

ಕೊನೆಯದಾಗಿ ಎಂಜಿನ್. ಹಳೆಯ ಟ್ರ್ಯಾಕ್ಟರ್, ಟಿಲ್ಲರ್‌ಗಳಿಗೆ ಶೇ 20 ಬೆರಕೆ ತೊಂದರೆಯಿಲ್ಲ. ವಾರಂಟಿ ಇರುವ ಹೊಸದಕ್ಕೂ ಬಿಎಸ್-6 ಜೀಪು, ಪಿಕಪ್‌ಗಳಿಗೂ ಹಾಕಬೇಡಿ. ಹೋಟೆಲಿನ ಎಣ್ಣೆ ಹೆಚ್ಚಾಗಿ ಪಾಮೋಲಿನ್, ಅದರ ಡೀಸೆಲ್ ಶುದ್ಧ ರೂಪದಲ್ಲಿ 13-16 ಡಿಗ್ರಿಗೇ ಮಬ್ಬಾಗಲು ಶುರುವಾಗುತ್ತದೆ. ಮಾರ್ಗಶಿರ, ಪುಷ್ಯದ ಬೆಳಗಿನ ಚಳಿಯಲ್ಲಿ ಬೆರಕೆಯನ್ನು ಶೇ 10ಕ್ಕೆ ಇಳಿಸಿ. ಮಾಡಿದ್ದನ್ನು ಮೂರು ತಿಂಗಳೊಳಗೆ ಖರ್ಚು ಮಾಡಿ, ಕ್ಯಾನು ತುಂಬಾ ತುಂಬಿಸಿ ನೆರಳಲ್ಲಿಡಿ. ಬಯೋಡೀಸೆಲ್ ಟ್ಯಾಂಕಿನಲ್ಲಿ ವರ್ಷಗಟ್ಟಲೆ ಕೂತ ಕೊಳೆಯನ್ನು ಎಬ್ಬಿಸಿ ತರುತ್ತದೆ, ಮೊದಲ 50 ಗಂಟೆಯೊಳಗೆ ಫಿಲ್ಟರ್ ಕಟ್ಟಿ ಎಂಜಿನ್ ನಿಲ್ಲುವುದು ಮಾಮೂಲು. ಇಂಧನ ಕೆಟ್ಟದ್ದೆಂದು ಸದಸ್ಯರು ಜಗಳಕ್ಕೆ ಬರುವುದು ಆಗಲೇ. ಪ್ರತಿ ಗಾಡಿಗೂ ಎರಡು ಹೆಚ್ಚುವರಿ ಫಿಲ್ಟರನ್ನು ಸಂಘದ ಖರ್ಚಿನಲ್ಲೇ ತಂದಿಡಿ.